ಹದಿನೇಳನೇ ಕಾಯಿ

ಚನ್ನಪಟ್ಟಣದಿಂದ ಬಂದ ರಟ್ಟಿನ ಡಬ್ಬವನ್ನು ಮೇಜಿನ ಮೇಲಿಟ್ಟು ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಅರಗಿನ ವಾಸನೆ. ಒಳಗೆ ಬುಗುರಿಯ ಗಾತ್ರದ ಮರದ ಕಾಯಿಗಳು. ಮೊಳೆಗೆ ನೇತುಹಾಕಲು ತಲೆಯಲ್ಲೊಂದು ತೂತು, ಮೈಗೆ ಕೆಂಪು, ಹಸಿರು, ಹಳದಿ ಬಣ್ಣ, ಒಂದೊಂದರ ಮೇಲೂ ಒಂದೊಂದು ನಂಬರು. ಆರ್ಡರ್ ಕೊಟ್ಟವಳು ನಾನೇ. ಕನಕಪುರದ ಈ ಕಾಲೇಜಿನಲ್ಲಿ ಪಾಠ ಮಾಡುವುದರ ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸವೂ ನನ್ನ ತಲೆಗೆ ಬಿದ್ದು ಎರಡು ವರ್ಷವಾಯಿತು. ಡಬ್ಬದಲ್ಲಿ ಏನಿದೆಯೆಂದು ಗೊತ್ತಿದ್ದೇ ಬಿಚ್ಚಿದ್ದೆ. ಆದರೂ ಆ ವಾಸನೆಗೆ ಕೈ ತಾನಾಗಿ ಹಿಂದಕ್ಕೆ ಬಂತು. ಆಮೇಲೆ ಧೈರ್ಯ ಮಾಡಿ ಹದಿನೇಳನೇ ನಂಬರಿನದನ್ನು ಹುಡುಕಿ ತೆಗೆದೆ. ಇದು ಹಸಿರು. ನನ್ನದು ಹಳದಿಯಿತ್ತು...

ಎಂ.ಎ. ಓದುವಾಗ ನಾನಿದ್ದದ್ದು ರಾಮನಗರದ ಒಂದು ಹಾಸ್ಟೆಲಿನಲ್ಲಿ. ನಾಲ್ಕಂತಸ್ತಿನ ಬಾಡಿಗೆ ಕಟ್ಟಡ, ನಲವತ್ತು ಹುಡುಗಿಯರು, ಒಂದೇ ಮೆಟ್ಟಿಲು. ಬೆಳಗಾದರೆ ರೇಷ್ಮೆಗೂಡು ಹೊತ್ತ ಗಾಡಿಗಳು ಮಾರುಕಟ್ಟೆಗೆ ಹೋಗುವ ಸದ್ದು, ಜೊತೆಗೆ ಗೂಡಿನ ಘಾಟು. ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದವರು ನಮ್ಮ ವಾಚ್‌ಮನ್ ತಾತ. ಬೈರಾಪಟ್ಟಣದವರು. ಪಂಚೆಯ ಮೇಲೆ ಖಾಕಿ ಶರ್ಟು, ಕಿವಿಗೆ ಸಿಕ್ಕಿಸಿದ ಬೀಡಿ. ಆ ಬೀಡಿಯನ್ನು ಹಾಸ್ಟೆಲಿನ ಕಾಂಪೌಂಡಿನೊಳಗೆ ಅವರು ಒಂದು ದಿನವೂ ಹಚ್ಚಿದ್ದನ್ನು ನಾನು ನೋಡಲಿಲ್ಲ. ಕೂತಲ್ಲಿಂದಲೇ ಮುಖ್ಯರಸ್ತೆಯಲ್ಲಿ ಹೋಗುವ ಬಸ್ಸಿನ ಬೋರ್ಡು ಓದಿ, "ನಿಮ್ಮೂರ್ ಬಸ್ಸು ಬಂತು, ಓಡಮ್ಮಿ" ಎಂದು ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದರು. ನನ್ನೂರು ವಿರೂಪಾಕ್ಷಿಪುರ.

ತಾತ ಮೊದಲು ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರಂತೆ. ಅಲ್ಲಿ ಒಮ್ಮೆ ಹೊಗೆ ತುಂಬಿಕೊಂಡಾಗ ಎಲ್ಲರೂ ಈಚೆಗೆ ಓಡಿಬಂದರಂತೆ. ಯಾರು ಬಂದರು, ಯಾರು ಉಳಿದರು ಎಂದು ಯಾರಿಗೂ ಗೊತ್ತಾಗಲಿಲ್ಲವಂತೆ. ಗೊತ್ತಾಗುವಷ್ಟರಲ್ಲಿ... ಅಷ್ಟು ಹೇಳಿ ಅವರು ಮಾತು ನಿಲ್ಲಿಸುತ್ತಿದ್ದರು. ನಾವೂ ಮುಂದಕ್ಕೆ ಕೇಳುತ್ತಿರಲಿಲ್ಲ.

ಹಾಗಾಗಿಯೇ ಇರಬೇಕು, ಅವರಿಗೆ ಎಣಿಕೆಯ ಹುಚ್ಚು. ಅವರ ತಮ್ಮನಿಗೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಲೇತ್ ಇತ್ತು. ಅವನ ಕೈಲಿ ನಲವತ್ತು ಕಾಯಿ ಮಾಡಿಸಿ ತಂದರು. ಗೇಟಿನ ಬಳಿ ಒಂದು ಹಲಗೆ ಬಡಿದು, ಮೇಲಿನ ಸಾಲಿಗೆ 'ಒಳಗೆ', ಕೆಳಗಿನ ಸಾಲಿಗೆ 'ಹೊರಗೆ' ಎಂದು ಬರೆಸಿದರು. ಗೇಟು ದಾಟುವಾಗ ನಿಮ್ಮ ಕಾಯಿಯನ್ನು ಕೆಳಕ್ಕೆ ಹಾಕಬೇಕು, ಬಂದಾಗ ಮೇಲಕ್ಕೆ. ಅಷ್ಟೇ ಕಾನೂನು. ತಿಂಗಳಿಗೊಂದು ಶನಿವಾರ ಸಂಜೆ ನಾಲ್ಕಕ್ಕೆ ಹೊಂಗೆಮರಕ್ಕೆ ಕಟ್ಟಿದ ರೈಲುಕಂಬಿಯ ತುಂಡನ್ನು ಢಣಢಣ ಬಾರಿಸುತ್ತಿದ್ದರು. ಎಲ್ಲರೂ ಇದ್ದ ಬಟ್ಟೆಯಲ್ಲೇ ಇಳಿದು ಬಂದು ತಮ್ಮ ತಮ್ಮ ಕಾಯಿ ಕೆಳಕ್ಕೆ ಹಾಕಬೇಕು. ಮೇಲಿನ ಸಾಲಿನಲ್ಲಿ ಯಾವುದು ಉಳಿಯಿತೋ ಆ ಹುಡುಗಿ ಇನ್ನೂ ಒಳಗಿದ್ದಾಳೆ ಎಂದರ್ಥ.

ನಾವು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ತಲೆಗೆ ಎಣ್ಣೆ ಹಚ್ಚಿಕೊಂಡವಳು, ಮುಖಕ್ಕೆ ಕಡಲೆಹಿಟ್ಟು ಮೆತ್ತಿಕೊಂಡವಳು, ಎಲ್ಲರೂ ಸಾಲಾಗಿ. ತಾತನ ಹಾಗೆ ಸೊಂಟದ ಮೇಲೆ ಕೈಯಿಟ್ಟು ಎಣಿಸುವ ಅಣಕದಲ್ಲಿ ನಾನೇ ಮುಂದು. ಒಂದು ಶನಿವಾರ ನಿದ್ದೆಗೆಟ್ಟ ಸಿಟ್ಟಿನಲ್ಲಿ, ಒಬ್ಬಳು ಬರದಿದ್ದರೆ ಏನು ಮಹಾ ಆಗುತ್ತೆ ತಾತ ಎಂದು ಕೇಳಿದೆ. ಅವರು ನಗಲಿಲ್ಲ.

"ನಿನ್ ಕಾಯಿ ಒಳಗೈತೆ ಅಂದ್ರೆ ನಾನು ಒಳೀಕೆ ಬತ್ತೀನಿ ಕಣಮ್ಮಿ. ನೆಪ್ಪಿಟ್ಕೊ."

ಕೆಡಿಸಿದ್ದು ನಮ್ಮ ವಾರ್ಡನ್. ಆಕೆಗೆ ಈ ಹಲಗೆ ಬಹಳ ಅನುಕೂಲವಾಗಿ ಕಂಡಿತು. ಆಫೀಸಿನ ಕಿಟಕಿಯಿಂದಲೇ ಯಾರು ಹೊರಗೆ ಹೋಗಿದ್ದಾರೆ ಎಂದು ನೋಡಿಕೊಂಡು, ಹೊತ್ತುಗೊತ್ತಿಲ್ಲದೆ ಹೋದವರ ಮನೆಗೆ ಫೋನು ಮಾಡತೊಡಗಿದರು. "ಇದು ಹಾಜ್ರಿಗಲ್ಲ ಮೇಡಂ, ಜೀವಕ್ಕೆ" ಎಂದು ತಾತ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಬಿಡುತ್ತೇವೆಯೇ? ಕಾಯಿಯನ್ನು 'ಒಳಗೆ' ಬಿಟ್ಟು, ಅಡುಗೆಮನೆಯ ಹಿಂದೆ ಕುಸಿದಿದ್ದ ಕಾಂಪೌಂಡು ಹಾರಿ ಹೋಗುವುದನ್ನು ಕಲಿತೆವು. ಪ್ರಾಣ ಉಳಿಸಲೆಂದು ಮಾಡಿದ ಹಲಗೆ ನಮ್ಮ ಕಳ್ಳಾಟಕ್ಕೆ ಸುಳ್ಳುಸಾಕ್ಷಿ ಹೇಳತೊಡಗಿತು.

ಆ ದಿನ ರೂಮಿನ ಜೊತೆಗಾತಿ ಊರಿಗೆ ಹೋಗಿದ್ದಳು. ಮನೆಯಿಂದಲೇ ಕಾಲೇಜಿಗೆ ಬರುವ ಇಬ್ಬರು ಗೆಳತಿಯರ ಜೊತೆ ನಾನು ಮ್ಯಾಟಿನಿಗೆ ಹೋದೆ. ಹಾಸ್ಟೆಲಿನಲ್ಲಿ ಯಾರಿಗೂ ಹೇಳಲಿಲ್ಲ. ಒಳಗೆ ಮಲಗಿದ್ದೇನೆ ಎನ್ನಿಸಲಿ ಎಂದು ಫ್ಯಾನು ಹಾಕಿಯೇ ಬಾಗಿಲೆಳೆದುಕೊಂಡೆ. ನಮ್ಮದು ಎಳೆದರೆ ತಾನೇ ಬೀಳುವ ಲಾಕು, ಹೊರಗಿನಿಂದ ನೋಡಿದರೆ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯದು. ಎಷ್ಟು ಜಾಣತನ ನನ್ನದು!

ಸಿನಿಮಾದ ಇಂಟರ್‌ವಲ್‌ನಲ್ಲಿ ಈಚೆ ಬಂದಾಗ ಫೈರ್ ಇಂಜಿನ್ ಗಂಟೆ ಹೊಡೆದುಕೊಂಡು ನಮ್ಮ ಬೀದಿಯ ಕಡೆ ತಿರುಗಿತು. ಯಾರದೋ ಬಾಯಲ್ಲಿ 'ಹುಡ್ಗೀರ ಹಾಸ್ಟೆಲ್' ಎಂದು ಕೇಳಿಸಿತು. ಆಮೇಲೆ ಗೊತ್ತಾದದ್ದು ಇಷ್ಟು. ಎರಡನೇ ಮಹಡಿಯ ಹುಡುಗಿಯೊಬ್ಬಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಕರೆಂಟು ಹೋಗಿದೆ. ಸ್ವಿಚ್ಚು ಆರಿಸದೆ, ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆಯ ಮೇಲೇ ಬಿಟ್ಟು ಸ್ನಾನಕ್ಕೆ ಹೋಗಿದ್ದಾಳೆ. ಕರೆಂಟು ಬಂದಿದೆ. ಬೆಂಕಿ ದೊಡ್ಡದಲ್ಲ, ಹಾಸಿಗೆಯ ಹೊಗೆ ದೊಡ್ಡದು. ತಾತ ಕಂಬಿ ಬಾರಿಸಿದ ಮೇಲೆ ಹುಡುಗಿಯರೆಲ್ಲ ನಾವು ಅಷ್ಟು ನಕ್ಕಿದ್ದ ಅಭ್ಯಾಸದಂತೆಯೇ ಇಳಿದು ಬಂದು ಕಾಯಿ ಕೆಳಕ್ಕೆ ಹಾಕಿದ್ದಾರೆ. ಒಬ್ಬಳಿಗೂ ಒಂದು ಗೀರು ಬೀಳಲಿಲ್ಲ. ಮೇಲಿನ ಸಾಲಿನಲ್ಲಿ ಉಳಿದದ್ದು ಒಂದೇ ಕಾಯಿ. ಹಳದಿ.

ನಾನು ಗೇಟಿಗೆ ಓಡಿಬಂದಾಗ ಇಬ್ಬರು ಸೇರಿ ತಾತನನ್ನು ಹೊತ್ತು ತರುತ್ತಿದ್ದರು. ಮೂರನೇ ಮಹಡಿಯ ನನ್ನ ರೂಮಿನ ಬಾಗಿಲ ಹೊರಗೆ ಬಿದ್ದಿದ್ದರಂತೆ. ಒಳಗೆ ಫ್ಯಾನು ತಿರುಗುವ ಸದ್ದು ಕೇಳಿ, ಹುಡುಗಿ ಒಳಗೇ ಎಚ್ಚರ ತಪ್ಪಿದ್ದಾಳೆ ಎಂದುಕೊಂಡು, ಆ ಹೊಗೆಯಲ್ಲಿ ನಿಂತು ಬಾಗಿಲು ಒಡೆಯುತ್ತಿದ್ದರಂತೆ. ಕೈಯೆಲ್ಲ ರಕ್ತ. ಮುಖ ಕಪ್ಪು. ಶರ್ಟಿನ ಜೇಬಿನಲ್ಲಿ ನನ್ನ ಕಾಯಿ. ನನ್ನನ್ನು ಕಂಡಾಗ ಆ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಈಚೆ ಇದ್ಯಾ ಮಗ... ಸದ್ಯ" ಎಂದರು. ಆಮೇಲೆ ಶುರುವಾದ ಕೆಮ್ಮು ನಿಲ್ಲಲೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ತಪ್ಪು ಎನ್ನಬಹುದಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಯಾರು ಕಾಂಪೌಂಡು ಹಾರಿಲ್ಲ? ನನಗೆ ನಾಚಿಕೆ ಅದಕ್ಕಲ್ಲ.

ಎರಡು ವಾರದ ಮೇಲೆ ವಾರ್ಡನ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಆಡಳಿತ ಮಂಡಳಿಯ ಮೂವರು ದೊಡ್ಡವರು ಕುರ್ಚಿಯಲ್ಲಿ, ತಾತ ಬಾಗಿಲ ಹತ್ತಿರ ನಿಂತುಕೊಂಡು, ಎರಡೂ ಕೈಗೆ ಬ್ಯಾಂಡೇಜು. ನಲವತ್ತು ಹುಡುಗಿಯರಲ್ಲಿ ಒಬ್ಬರಿಗೂ ಏನೂ ಆಗದಿದ್ದದ್ದು ಯಾರಿಂದ ಎಂದು ಯಾರೂ ಕೇಳಲಿಲ್ಲ. ಹೊಗೆಯೊಳಗೆ ಯಾಕೆ ಹೋದೆ ಎಂದೇ ಕೇಳಿದರು. ಹದಿನೇಳನೇ ಕಾಯಿ ಒಳಗೆ ಇತ್ತು ಎಂದರು ತಾತ. ಎಲ್ಲರೂ ನನ್ನ ಕಡೆ ತಿರುಗಿದರು.

ನಿಜ ಹೇಳಿದರೆ ಹಾಸ್ಟೆಲಿನಿಂದ ಹೊರಗೆ ಹಾಕುತ್ತಿದ್ದರು. ಸಿನಿಮಾ ಎಂಬ ಮಾತು ಅಪ್ಪನ ಕಿವಿಗೆ ಬಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ, ಆಗ ತಲೆಯಲ್ಲಿ ಓಡಿದ್ದನ್ನು ಹೇಳುತ್ತಿದ್ದೇನೆ. "ಜೆರಾಕ್ಸ್ ಅಂಗಡಿಗೆ ಹೋಗಿದ್ದೆ ಸರ್. ಕಾಯಿ ಹೊರಗೆ ಹಾಕಿಯೇ ಹೋದೆ" ಎಂದೆ. ಅಷ್ಟು ಸಾಲದೆಂದು ಇನ್ನೊಂದು ಸೇರಿಸಿದೆ. "ಆಗ ತಾತ ಗೇಟಿನಲ್ಲಿ ಇರಲಿಲ್ಲ." ಈ ಎರಡನೇ ಸುಳ್ಳನ್ನು ನನ್ನಿಂದ ಯಾರೂ ಕೇಳಿರಲಿಲ್ಲ, ನಾನೇ ಮುಂದಾಗಿ ಕೊಟ್ಟೆ.

ತಾತ ನನ್ನನ್ನು ನೋಡಿದರು. ನಾನು ಅವರ ಬ್ಯಾಂಡೇಜು ನೋಡುತ್ತಿದ್ದೆ.

"ಹಾಕಿದ್ಲೇನೋ ಬುಡಿ ಸಾರ್. ನಂಗೆ ಕಣ್ಣು ಒಸಿ ಮಂಜು."

ಬಸ್ಸಿನ ಬೋರ್ಡು ಓದುವ ಕಣ್ಣು!

ಅದೇ ವಾರ ಅವರನ್ನು ಮನೆಗೆ ಕಳಿಸಿದರು. ಕಣ್ಣು ಕಾಣದವರನ್ನು ಕಾವಲಿಗೆ ಇಟ್ಟುಕೊಳ್ಳುವುದು ಅಪಾಯವಂತೆ. ಹಲಗೆ ಕಿತ್ತರು, ನಂಬುವಂಥದ್ದಲ್ಲವಂತೆ. ಅದರ ಜಾಗದಲ್ಲಿ ಸಿಸಿ ಕ್ಯಾಮೆರಾ ಬಂತು, ಸಹಿ ಹಾಕುವ ಪುಸ್ತಕ ಬಂತು. ಕಂಬಿಯನ್ನು ಮತ್ತೆ ಯಾರೂ ಬಾರಿಸಲಿಲ್ಲ. ಶನಿವಾರದ ಸಂಜೆ ನಾವು ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಹೋಗುವ ದಿನ ತಾತ ಬಟ್ಟೆಯ ಗಂಟು ಹಿಡಿದು ಗೇಟಿನಲ್ಲಿ ನಿಂತಿದ್ದರು. ನಾನು ಪಕ್ಕದಿಂದ ಜಾರಿಕೊಳ್ಳಲು ನೋಡಿದೆ. "ಓದ್ಕೊ ಮಗ" ಎಂದರು. ತಲೆ ಎತ್ತದೆ ಹೂಂ ಎಂದೆ...

ಓದಿಕೊಂಡೆ. ಕೆಲಸ ಸಿಕ್ಕಿತು. ಬೈರಾಪಟ್ಟಣ ಎಂಬ ಬೋರ್ಡಿನ ಬಸ್ಸು ಕಂಡಾಗಲೆಲ್ಲ, ಈ ಹಬ್ಬ ಕಳೆಯಲಿ, ಈ ಪರೀಕ್ಷೆ ಮುಗಿಯಲಿ, ಹೋಗಿ ಕಾಲು ಹಿಡಿದು ಬರೋಣ ಎಂದುಕೊಂಡೆ. ನಿಜಕ್ಕೂ ಅವರಿಗೆ ಕಣ್ಣು ಮಂಜಾಗಿದ್ದರೆ ಎಂಬ ಆಸೆಯನ್ನೂ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆ. ಮನುಷ್ಯರು ಎಂಥೆಂಥದಕ್ಕೆಲ್ಲ ಆಸೆಪಡುತ್ತಾರೆ ನೋಡಿ.

ವಾರ್ಡನ್ ಆದ ಮೇಲೆ ಆರು ತಿಂಗಳಿಗೊಮ್ಮೆ ಒಂದು ಫೈಲು ಬರತೊಡಗಿತು. ಬೆಂಕಿ ಅನಾಹುತದ ಅಭ್ಯಾಸ ನಡೆಸಲಾಗಿದೆ, ಸಹಿ ಮಾಡಿ. ಅಭ್ಯಾಸ ನಡೆಸದೆಯೇ ಮೂರು ಸಲ ಸಹಿ ಮಾಡಿದೆ. ನಾಲ್ಕನೇ ಸಲ ಪೆನ್ನು ಕೆಳಗಿಟ್ಟೆ. ಚನ್ನಪಟ್ಟಣದ ಬಸ್ಸು ಹತ್ತಿ ತಾತನ ತಮ್ಮನ ಲೇತ್ ಹುಡುಕಿಕೊಂಡು ಹೋದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಿದ್ದ ಅವರಿಗೂ ಈಗ ತಲೆ ನರೆತಿತ್ತು. ನಾನು ಯಾರೆಂದು ಹೇಳಲಿಲ್ಲ. ಹಲಗೆಗೆ ಹಾಕುವ ಕಾಯಿ ಎಂದಾಗ ಮುಖ ಅರಳಿತು.

"ನಮ್ಮಣ್ಣನೂ ಹಿಂಗೇ ಒಂದ್ಸಲ ಮಾಡ್ಸಿದ್ದ ಕಣಮ್ಮ, ರಾಮನಗರದ ಹಾಸ್ಟೆಲ್ಗೆ. ಹುಡ್ಗೀರೆಲ್ಲ ಬೋ ಮೆಚ್ಕಂಡಿದ್ರಂತೆ. ಸಾಯೋಗಂಟ ಅದ್ನೇ ಹೇಳೋನು."

ತಾತ ಹೋಗಿ ಮೂರು ವರ್ಷವಾಗಿತ್ತು. ಕಣ್ಣು ಹೇಗಿತ್ತು ಅವರಿಗೆ ಎಂದು ಕೇಳಿದೆ.

"ಕಣ್ಣಿಗೇನಾಗಿತ್ತು? ಕೊನೇವರ್ಗೂ ಸೂಜಿಗೆ ದಾರ ಪೋಣಿಸೋನು. ಉಸ್ರೇ ಎಳ್ಕೊಳಕ್ಕಾಗ್ತಿರ್ಲಿಲ್ಲ ಅಷ್ಟೇಯ."

ಈ ಶನಿವಾರ ಹಲಗೆ ಬಡಿಸಿದೆ. ಇದು ಹಾಜರಿಗಲ್ಲ, ಯಾರ ಮನೆಗೂ ಫೋನು ಹೋಗುವುದಿಲ್ಲ ಎಂದು ಹುಡುಗಿಯರಿಗೆ ಮಾತು ಕೊಟ್ಟೆ. ನಾಲ್ಕಕ್ಕೆ ಗಂಟೆ ಬಾರಿಸಿದೆ. ನಗುತ್ತಾ ಇಳಿದು ಬಂದರು, ಒಬ್ಬಳು ಅಂದಿನ ನನ್ನ ಹಾಗೇ ಸೊಂಟದ ಮೇಲೆ ಕೈಯಿಟ್ಟು ಅಣಕಿಸಿದಳು. ಮೇಲಿನ ಸಾಲಿನಲ್ಲಿ ಹನ್ನೊಂದನೇ ಕಾಯಿ ಉಳಿಯಿತು. ಪೇಟೆಗೆ ಹೋಗಿದ್ದಾಳೆ, ಕಾಯಿ ಹಾಕೋದು ಮರೆತಿರಬೇಕು ಮೇಡಂ ಎಂದರು. ಆದರೂ ಮೆಟ್ಟಿಲು ಹತ್ತಿದೆ. ಎರಡು ಮಹಡಿಗೇ ಏದುಸಿರು. ಅವಳ ಬಾಗಿಲು ತಟ್ಟಿ, ಬೀಗ ಮುಟ್ಟಿ ನೋಡಿ, ಇಳಿದು ಬಂದೆ.

ಅಷ್ಟರಲ್ಲಿ ಆ ಹುಡುಗಿ ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದಳು. "ಸಾರಿ ಮೇಡಂ, ಮರೆತೆ. ನೀವು ಯಾಕೆ ಮೇಲೆ ಹತ್ತೋಕೆ ಹೋದ್ರಿ?" ಎಂದಳು. ಬಯ್ಯಲು ಬಾಯಿ ತೆರೆದವಳು, ಬಯ್ಯಲಾರದೆ ಎಲ್ಲವನ್ನೂ ಹೇಳಿದೆ. ಫ್ಯಾನು, ಮ್ಯಾಟಿನಿ, ಬ್ಯಾಂಡೇಜು, ಎರಡು ಸುಳ್ಳು. ಅಣಕಿಸಿದವಳ ಕೈ ಸೊಂಟದಿಂದ ಇಳಿದಿತ್ತು.

"ಆಮೇಲಾದ್ರೂ ಆ ತಾತಂಗೆ ಹೇಳಿದ್ರಾ ಮೇಡಂ?" ಎಂದು ಹನ್ನೊಂದನೇ ಕಾಯಿಯ ಹುಡುಗಿ ಮೆಲ್ಲಗೆ ಕೇಳಿದಳು.

ಇಲ್ಲ ಎಂದೆ. ಒಂಬತ್ತು ವರ್ಷ ಅವರು ಬದುಕಿದ್ದರು. ನಾನು ಹೋಗಲಿಲ್ಲ.