ತಂಬೂದಲ್ಲಿ ನಾನಾಡಿದ ಮಾತು

ಮಾಳಪ್ಪನನ್ನು ಊರು ಬಿಡಿಸಿದವನು ನಾನು. ಊರವರು ಬೇರೆ ಕಾರಣ ಹೇಳುತ್ತಾರೆ — ಅವನೇ ಬೇಸತ್ತು ಹೋದ, ಮುಂಬೈಯ ರುಚಿ ಹತ್ತಿತ್ತು, ಹೀಗೆ. ಇಷ್ಟು ವರ್ಷ ನಾನೂ ಹೌದೆಂದು ತಲೆಯಾಡಿಸಿದ್ದೇನೆ. ಅದು ಸುಳ್ಳು.

ಅರವತ್ತರ ದಶಕದ ಕೊನೆಯ ವರ್ಷಗಳು. ಜೋಳದ ರಾಶಿ ಮುಗಿದ ಮೇಲೆ ಜತ್ತಿನ ಕಡೆಯ ನಮ್ಮ ಗಡಿಯೂರು ಉಟಗಿಗೆ ತಂಬೂ ಟಾಕೀಸು ಬರುತ್ತಿತ್ತು. ಚಿತ್ರಗಳು ಹಿಂದಿಯವು. ನಮ್ಮ ಕುರಿ ಕಾಯುವವರಿಗೆ, ಹೆಂಗಸರಿಗೆ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು, ಹಿಂದಿ ಇಲ್ಲ. ಹಾಗಾಗಿ ತಂಬೂದ ಮಾಲಕರು ಹಿಂದಿ ಬಲ್ಲವನೆಂದು ನನ್ನನ್ನು ಮಷೀನಿನ ಪಕ್ಕ ಕೂರಿಸಿ ಕೈಗೆ ಮೈಕು ಕೊಡುತ್ತಿದ್ದರು. ಒಂದೊಂದು ಮಾತು ಮುಗಿದೊಡನೆ ಅವರು ದನಿ ತಗ್ಗಿಸುವರು. ನಾನು ಅದನ್ನು ಕನ್ನಡದಲ್ಲಿ ಹೇಳುವೆ. ನಾನು ಹೇಳಿದ್ದೇ ಆ ಜನಕ್ಕೆ ಸಿನಿಮಾ.

ಮಾಳಪ್ಪ ನನ್ನ ಗೆಳೆಯ. ಮುಂಬೈಯ ಒಂದು ಖಾನಾವಳಿಯಲ್ಲಿ ಎರಡು ವರ್ಷ ದುಡಿದು ಬಂದಿದ್ದ. ಮದುವೆ ಮನೆಗಳಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದ — ಗಂಡಸರು ಮಾಡದ ಕೆಲಸ. ಆದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. "ಮಾಳಪ್ಪನ್ನ ಕರೀರಿ, ಇಲ್ಲಂದ್ರ ಬೀಗರು ಉಪಾಸ ಏಳ್ತಾರ," ಎಂದು ಮುದುಕಿಯರೇ ಹೇಳಿ ಕಳಿಸುತ್ತಿದ್ದರು. ಊರಿನಲ್ಲಿ ಅವನಿಗಿದ್ದ ಜಾಗ ಅದೊಂದೇ, ಆ ಕರೆ.

ಒಂದು ಸಂಜೆ ಬಾವಿಯ ಕಟ್ಟೆಯ ಮೇಲೆ ಅವನು ನನ್ನ ಕೈ ಹಿಡಿದ. ಮನೆಯವರು ಹೆಣ್ಣು ನೋಡಲು ಎಳೆಯುತ್ತಿದ್ದಾರೆ, ತನ್ನ ಮನಸ್ಸು ಅತ್ತ ಹೋಗುವುದೇ ಇಲ್ಲ ಎಂದ. "ನಿನ್ನ ಕಡೇನ ಬರ್ತದ," ಎಂದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಬೇಕೆಂದು ಅನಿಸಲೂ ಇಲ್ಲ — ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಯಾರೋ ನೋಡಿದ್ದರು. ಎರಡು ದಿನ ಬಿಟ್ಟು ಚಹಾದಂಗಡಿಯಲ್ಲಿ ಗುರಪ್ಪ ಎಂಬವನು ಎಲ್ಲರೆದುರು ಕೇಳಿದ: "ಏನ್ರಲೇ, ನಿಮ್ಮಿಬ್ರೊಳಗ ಬಳಿ ಇಡಸ್ಕೊಳ್ಳಾಂವ ಯಾಂವ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಆಗ ನನಗೆ ಹೆಣ್ಣು ಗೊತ್ತುಮಾಡುತ್ತಿದ್ದರು; ಇಂಥ ಮಾತು ಬೀಗರ ಕಿವಿಗೆ ಬೀಳಬಾರದಿತ್ತು.

ಆ ವಾರದ ಚಿತ್ರ ಹಾಸ್ಯದ್ದು. ಆಗಿನ ನಗೆಚಿತ್ರಗಳಲ್ಲಿ ಅಂಥ ಒಬ್ಬ ಇರುತ್ತಿದ್ದ — ಕೈ ಬಳುಕಿಸುತ್ತ ಬಂದು, ಯಾರದೋ ಕೆನ್ನೆ ಸವರಿ, ಏಟು ತಿಂದು ಹೋಗುವವನು. ಅವನಿಗೆ ಮನೆ ಇರುವುದಿಲ್ಲ, ತಾಯಿ ಇರುವುದಿಲ್ಲ. ಈ ಚಿತ್ರದಲ್ಲಿ ಅವನು ತಲೆಗೆ ಟವೆಲ್ಲನ್ನು ಸೆರಗಿನಂತೆ ಹೊದ್ದು, ಚಪಾತಿ ಲಟ್ಟಿಸುತ್ತ, ತನ್ನ ಕೋಣೆಯ ಗೆಳೆಯನಿಗಾಗಿ ಕಾಯುತ್ತಿದ್ದ. ಗೆಳೆಯ ತಡವಾಗಿ ಬಂದು, ನೀನಿನ್ನೂ ಉಣ್ಣಲಿಲ್ಲವೇ ಎಂದ. ನೀನು ಬಾರದೆ ನನಗೆ ತುತ್ತು ಇಳಿಯುವುದಿಲ್ಲ ಎಂದ ಇವನು. ಚಿತ್ರ ಮಾಡಿದವರು ಅದನ್ನೂ ನಗಲೆಂದೇ ಇಟ್ಟಿರಬೇಕು. ಆದರೆ ಆ ನಟ — ಆ ಒಂದು ಮಾತನ್ನು ಅವನು ನಗಿಸಲು ಆಡಿರಲಿಲ್ಲ. ಅದನ್ನು ಹಾಗೆಯೇ ಹೇಳಲೆಂದು ಮೈಕು ಎತ್ತಿದೆ. ಅದೇ ಹೊತ್ತಿಗೆ ಕತ್ತಲಲ್ಲಿ ಗುರಪ್ಪ ಕೆಮ್ಮಿದ. ಬರೀ ಕೆಮ್ಮಿದನೋ, ನನ್ನನ್ನು ಕುರಿತೇ ಕೆಮ್ಮಿದನೋ, ಇಂದಿಗೂ ಹೇಳಲಾರೆ.

ನಾನು ಮೈಕಿನಲ್ಲಿ ಹೇಳಿದ್ದು ಇದು: "ನೋಡ್ರಿ ನಮ್ಮ ಮಾಳವ್ವನ್ನ! ರೊಟ್ಟಿ ಬಡದು ಸಾಕಾಗಿ, ಗಂಡನ್ನ ಹುಡುಕ್ಲಾಕ ಸಿನಿಮಾದಾಗ ಬಂದಾಳ!"

ತಂಬೂ ಹರಿಯುವಂತೆ ನಕ್ಕರು. ಮುಂದೆ ಕುಳಿತವರು ಎದ್ದು ಮಾಳಪ್ಪನ ಕಡೆ ತಿರುಗಿದರು. ಅವನು ಹಿಂದಿ ಬಲ್ಲವನು. ಪರದೆಯ ಮಾತೂ ಕೇಳಿದ್ದ, ನನ್ನದೂ ಕೇಳಿದ್ದ.

ಹೊರಗೆ ಬಂದ ಮೇಲೆ ಅವನು ಬೈಯಲಿಲ್ಲ. "ಅಂವ ಹಂಗ ಅನ್ನಲಿಲ್ಲಲ್ಲೋ, ದೋಸ್ತ," ಎಂದ.

"ಜನಾ ನಗಬೇಕಲ್ಲ," ಎಂದೆ.

ಮುಂದಿನ ಮದುವೆಯಲ್ಲಿ ಗಂಡಸರು ಅಡುಗೆಯ ಚಪ್ಪರದ ಬಳಿ ನಿಂತು, "ಮಾಳವ್ವಾ, ಸೆರಗ ಹೊಚ್ಗೋ," ಎಂದು ಕೂಗಿದರು. ಅದರ ಮುಂದಿನ ಮದುವೆಗೆ ಅವನನ್ನು ಕರೆಯಲಿಲ್ಲ. "ಬೀಗರ ಮುಂದ ನಗಿಗೇಡು ಬ್ಯಾಡಪಾ," ಎಂದರು ಅದೇ ಮುದುಕಿಯರು. ಮಳೆಗಾಲಕ್ಕೆ ಮೊದಲೇ ಅವನು ಹೊರಟುಹೋದ. ಗುರಪ್ಪ ಮತ್ತೆಂದೂ ನನ್ನನ್ನು ಕೆಣಕಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಎಪ್ಪತ್ತರ ದಶಕದಲ್ಲಿ ಒಮ್ಮೆ ಜತ್ತಿನ ಎಸ್‌ಟಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಸೊರಗಿದ್ದ. ನನ್ನ ಜೊತೆ ಹೆಂಡತಿ, ಮಗಳು ಇದ್ದರು. "ಆರಾಮ ಅದೀಯೇನೋ?" ಎಂದು ಕೇಳಿ ಮಗಳ ತಲೆ ಸವರಿದ. ಹೆಂಡತಿ ಮೆಲ್ಲಗೆ, "ಯಾರ್ರೀ ಇವರು?" ಎಂದಳು.

"ಯಾರೋ, ನಮ್ಮೂರ ಕಡೆಯಾಂವ," ಎಂದೆ — ಅವನಿಗೂ ಕೇಳುವಂತೆ. ಹೆಸರು ಹೇಳಲಿಲ್ಲ.

"ಹೌದ್ರಿ ಅಕ್ಕಾರ, ಅಷ್ಟ ಗುರುತು," ಎಂದ ಅವನು. ಗೆಳೆಯನ ಹೆಂಡತಿಯನ್ನು ವೈನಿ ಎನ್ನಬೇಕಾದವನು, ಪರಕೀಯನಂತೆ ಅಕ್ಕಾರ ಎಂದ. ನನ್ನ ಸುಳ್ಳನ್ನು ತಾನೇ ಕಾಪಾಡಿ, ಸೋಲಾಪುರದ ಗಾಡಿ ಹತ್ತಿದ.

ಆಮೇಲೆ ಅವನ ಸುದ್ದಿ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದಕ್ಕಿಂತ — ನಾನು ವಿಚಾರಿಸಲಿಲ್ಲ.

ಹೆಂಡತಿ ಒಳಗೆ ಕುಳಿತಿದ್ದಾಳೆ. ಅವಳ ಕಣ್ಣು ಮಂಜಾಗಿದೆ. ಇದನ್ನು ನಾನೇ ಓದಿ ಹೇಳಬೇಕು. ನಡುವೆ ನಾಲ್ಕು ಸಾಲು ಬಿಟ್ಟರೆ ಅವಳಿಗೆ ತಿಳಿಯುವುದಿಲ್ಲ. ಬಿಡದೆ ಓದುತ್ತೇನೆ.