ಎರಡನೇ ಆಲ್ಬಮ್ಮಿಗೆ ಕೊಟ್ಟ ಕೂಗು

ನನ್ನ ಅಕ್ಕನ ಮಗಳು ರ‍್ಯಾಪ್ ಹಾಡುತ್ತಾಳೆ. ಇರುವುದು ಹೊಸದುರ್ಗದಲ್ಲಿ. ಎರಡನೇ ಆಲ್ಬಮ್ಮಿಗೆ ಏಳು ಹಾಡು ಬರೆದುಕೊಂಡು, ಎಂಟನೆಯದಕ್ಕೆ ಏನೋ ಸಾಲದೆ, ಒಂದು ಭಾನುವಾರ ಚಿತ್ರದುರ್ಗಕ್ಕೆ ನನ್ನ ಮನೆಗೆ ಬಂದಳು. ಹರಿಯಬ್ಬೆಯಲ್ಲಿ ನನ್ನ ಅಜ್ಜಿ, ಅಂದರೆ ಅವಳ ಮುತ್ತಜ್ಜಿ, ಕುರಿಗಳನ್ನು ಹೇಗೆ ಕರೆಯುತ್ತಿದ್ದಳು ಎಂದು ಕೇಳಿದಳು.

ನಾನು ಯೋಚಿಸಲೇ ಇಲ್ಲ. ಕುರ್ಚಿಯಿಂದ ಎದ್ದು, ನಾಲಿಗೆಯನ್ನು ಅಂಗುಳಿಗೆ ಒತ್ತಿ, ‘ಟುರ್‍ರ್... ಹೋಯ್, ಹೋಯ್’ ಎಂದು ಕೂಗಿಬಿಟ್ಟೆ. ಪಕ್ಕದ ಮನೆಯವರು ಕಿಟಕಿಗೆ ಬಂದರು. ಹೀಗೆ ಕೂಗಿದರೆ ಗುಡ್ಡದಿಂದ ಹಿಂಡೇ ಇಳಿದು ಬರುತ್ತಿತ್ತು ಎಂದೂ ಹೇಳಿದೆ. ಅವಳು ಮೂರು ಸಲ ಕೂಗಿಸಿ ಫೋನಿನಲ್ಲಿ ಹಿಡಿದುಕೊಂಡು ಹೋದಳು. ಹೊಳಲ್ಕೆರೆಯಲ್ಲಿರುವ ಅವಳ ಗೆಳತಿ ಬೀಟ್ ಕಟ್ಟುತ್ತಾಳೆ; ಅವಳು ನನ್ನ ಕೂಗನ್ನು ಕತ್ತರಿಸಿ, ಮಡಚಿ, ತಾಳಕ್ಕೆ ಕೂರಿಸಿದಳು. ‘ಮುತ್ತಜ್ಜಿ ಕೂಗಿದ್ರೆ ಗುಡ್ಡೆಲ್ಲಾ ಕುರಿಯಾಗಿ ಇಳೀತಿತ್ತು’ ಎಂಬ ಸಾಲಿನಿಂದ ಹಾಡು ಶುರುವಾಗುತ್ತಿತ್ತು. ಕೊನೆಯಲ್ಲಿ ಬರೆದ ಆ ಹಾಡನ್ನೇ ಆಲ್ಬಮ್ಮಿನ ಮೊದಲ ಹಾಡು ಮಾಡಿದರು.

ಅವಳಿಗೆ ಆ ಸಾಲು ಯಾಕೆ ಮುಖ್ಯವೆಂದು ನನಗೆ ಗೊತ್ತಿತ್ತು. ಮೊದಲ ಆಲ್ಬಮ್ಮಿನಲ್ಲಿ ಅವಳು ಕುರಿ ಕಾಯ್ದು ಬೆಳೆದವಳಂತೆ ಹಾಡಿದ್ದಳು. ಬೆಳೆದದ್ದು ಮಾತ್ರ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಹಿರಿಯೂರಿನ ಒಂದು ಕಾರ್ಯಕ್ರಮದಲ್ಲಿ ಮುಂದೆ ಕುಳಿತಿದ್ದ ಹೆಂಗಸೊಬ್ಬಳು, ತಾಯಿ ಹಾಲಿಗೆ ಸೇರಿಸದ ಮರಿಗೆ ಏನು ಮಾಡುತ್ತೀಯಮ್ಮ ಎಂದು ಕೇಳಿದಳಂತೆ. ಇವಳು ಮೈಕ್ ಹಿಡಿದು ಸುಮ್ಮನೆ ನಿಂತಳು. ಹಾಡಿಗಿಂತ ಆ ಮೌನದ ವಿಡಿಯೊವನ್ನೇ ಹೆಚ್ಚು ಜನ ನೋಡಿದರು. ಎರಡನೆಯದರಲ್ಲಿ ಒಂದು ಸುಳ್ಳೂ ಇರಬಾರದು, ಇದ್ದರೆ ಹಾಡುವುದನ್ನೇ ಬಿಡುತ್ತೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಬರೀ ಮಾತಿಗೆ ಹಾಗೆ ಹೇಳುವವಳಲ್ಲ.

ಬಿಡುಗಡೆಗೆ ಒಂಬತ್ತು ದಿನ ಇರುವಾಗ ನನಗೆ ಅನುಮಾನ ಶುರುವಾಯಿತು. ನಾನು ಓದಿದ್ದು, ಈಗ ಪಾಠ ಮಾಡುವುದು ಇತಿಹಾಸ. ಸಾಕ್ಷಿ ಹೇಳುವವನು ಆಗ ಎಲ್ಲಿ ನಿಂತಿದ್ದ ಎಂದು ಮೊದಲು ಕೇಳಿ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಅವತ್ತು ಪಾಠದ ನಡುವೆ ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ. ನೆನಪಿನಲ್ಲಿ ಅಜ್ಜಿ ದೂರದ ಬದುವಿನ ಮೇಲೆ, ಹೆಬ್ಬೆರಳಿನಷ್ಟು ಸಣ್ಣಗೆ, ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಾಳೆ. ಹಾಗಾದರೆ ನಾನು ಅವಳ ಪಕ್ಕದಲ್ಲಿರಲಿಲ್ಲ, ಕುರಿಗಳ ಜೊತೆಗಿದ್ದೆ. ಆ ಕುರಿಗಳು ಎದ್ದು ಹೋದದ್ದನ್ನು ಕಂಡಿದ್ದೇನೆಯೇ? ಎಷ್ಟು ಹುಡುಕಿದರೂ ಒಂದು ಕುರಿಯೂ ಅಲುಗಲಿಲ್ಲ. ಗುಡ್ಡ ಇಳಿಯುವ ಹಿಂಡನ್ನು ಬೇರೆಲ್ಲೋ ಕಂಡು ಇಲ್ಲಿಗೆ ಅಂಟಿಸಿಕೊಂಡಿದ್ದೆನೇನೋ. ಅಜ್ಜಿ ಹೋದಾಗ ನನಗೆ ಏಳು ವರ್ಷ.

ಫೋನಿನಲ್ಲಿ ಇದನ್ನು ಹೇಳಿದಾಗ ಅವಳು, “ಇದನ್ನ ಮೊದ್ಲೇ ಹೇಳಾಕೇನಾಗಿತ್ತು ಮಾವ? ಈಗ ಹೆಂಗ್ ಹಾಡ್ಲಿ ನಾನು?” ಅಂದಳು. ಹರಿಯಬ್ಬೆಯಲ್ಲಿ ಚಿಕ್ಕಜ್ಜಿ ಇನ್ನೂ ಕುರಿ ಇಟ್ಟಿದ್ದಾಳೆ, ಅಜ್ಜಿಯ ವಾರಗಿತ್ತಿ, ಅವಳನ್ನೇ ಕೇಳೋಣ ಎಂದೆ. ಮರುದಿನ ಅವಳು ಹೊಸದುರ್ಗದಿಂದ, ನಾನು ಚಿತ್ರದುರ್ಗದಿಂದ ಬಂದು ಹಿರಿಯೂರಿನಲ್ಲಿ ಸೇರಿ, ಹರಿಯಬ್ಬೆಗೆ ಹೋದೆವು.

ಚಿಕ್ಕಜ್ಜಿ ಕಡಲೆಕಾಯಿ ಕಿತ್ತ ಹೊಲದಲ್ಲಿ ಕುರಿ ಮೇಯಿಸುತ್ತಿದ್ದಳು. ಮೊದಲೇ ಏನನ್ನೂ ಹೇಳಬೇಡ, ಹೇಳಿದರೆ ಮುದುಕಿ ನಮಗೆ ಬೇಕಾದ್ದನ್ನೇ ಹೇಳುತ್ತಾಳೆ ಎಂದು ಹುಡುಗಿಗೆ ತಾಕೀತು ಮಾಡಿದ್ದೆ. ಅವಳು ಸಣ್ಣ ಸ್ಪೀಕರನ್ನು ಬದುವಿನ ಮೇಲಿಟ್ಟು ಹಾಡು ಹಾಕಿದಳು. ನಾಯಿ ತಲೆ ಎತ್ತಿ ನೋಡಿತು. ಕುರಿಗಳು ಮೇಯುತ್ತಲೇ ಇದ್ದವು. ಇನ್ನೊಂದು ಸಲ, ಜೋರಾಗಿ ಹಾಕಿದಳು. ಒಂದೂ ತಿರುಗಲಿಲ್ಲ.

ಚಿಕ್ಕಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅದುಕ್ಕೆ ಇವು ಬರಲ್ಲ ಕಣೇ. ಅದು ನಮ್ಮನೆ ಕೂಗಲ್ಲ, ನಿಮ್ಮ ಮುತ್ತಜ್ಜಿ ತವರಿಂದು. ಹಿರೇಗುಂಟನೂರು ಕಡೇದು.”

ಒಂದೊಂದು ಮನೆಯ ಹಿಂಡಿಗೆ ಒಂದೊಂದು ಕೂಗು ಎಂದು ಅವಳು ವಿವರಿಸಿದಳು. ಕುರಿಯಿರುವ ಮನೆಗೆ ಸೊಸೆಯಾಗಿ ಬಂದವಳು ತವರಿನ ಕೂಗನ್ನು ಬಿಟ್ಟು ಅತ್ತೆಯ ಹಿಂದೆ ನಿಂತು ಹೊಸದನ್ನು ಕಲಿಯಬೇಕು. ಮೊದಲ ದಿನಗಳಲ್ಲಿ ಕುರಿ ಬರುವುದಿಲ್ಲ, ಮನೆಯವರೆಲ್ಲ ನಗುತ್ತಾರೆ. ತಾನು ಎರಡು ತಿಂಗಳು ನಗಿಸಿಕೊಂಡೆ, ಅಜ್ಜಿ ಬೇಗ ಕಲಿತಳು ಎಂದಳು.

ಹಾಗಾದರೆ ಬಿಟ್ಟ ಕೂಗನ್ನು ಅಜ್ಜಿ ಇಲ್ಲಿ ಯಾಕೆ ಕೂಗುತ್ತಿದ್ದಳು ಎಂದು ಕೇಳಿದೆ.

“ನಿನ್ನ ಕರೆಯಾಕೆ ಕಣಪ್ಪ. ನೀನೋ, ಕುರಿ ಹಿಂದೆ ಬಿದ್ರೆ ಹೆಸರಿಡಿದು ಕರೆದ್ರೆ ಓಗೊಡ್ತಿರಲಿಲ್ಲ. ನಮ್ಮನೆ ಕೂಗು ಕೂಗಿದ್ರೆ ಮೇಯೋ ಕುರಿಯೆಲ್ಲಾ ಎದ್ದು ಬಂದುಬಿಡ್ತಾವೆ. ಅದ್ಕೆ ಅವಳ ತವರಿಂದು ಕೂಗೋಳು. ಕುರಿ ಅಲ್ಲೇ ಇರವು, ನೀನೊಬ್ನೇ ಬರ್ತಿದ್ದೆ.”

ನಾನು ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಕರೆದದ್ದು ನನ್ನನ್ನೇ ಎಂದರೆ ಅಜ್ಜಿ ನನ್ನ ಕಡೆ ಮುಖ ಮಾಡಿದ್ದು ಸರಿಹೋಗುತ್ತದೆ. ಆದರೆ ನಾನು ಅವಳ ಹತ್ತಿರ ಹೋದದ್ದು ನೆನಪಿಲ್ಲ. ಚಿಕ್ಕಜ್ಜಿ ಹೇಳಿದ್ದನ್ನೇ ಇನ್ನು ಮೇಲೆ ನೆನಪೆಂದು ಇಟ್ಟುಕೊಳ್ಳುತ್ತೇನೇನೋ.

ಹುಡುಗಿಗೆ ಅದೆಲ್ಲ ಬೇಕಿರಲಿಲ್ಲ. ಅವಳ ಮೊದಲ ಸಾಲೇ ಸುಳ್ಳಾಗಿತ್ತು. ಹಾಗಿದ್ದರೆ ಈ ಮನೆಯ ನಿಜವಾದ ಕೂಗನ್ನೇ ಕೊಡು, ಅದನ್ನೇ ಹಾಕಿಕೊಳ್ಳುತ್ತೇನೆ ಎಂದು ಚಿಕ್ಕಜ್ಜಿಯನ್ನು ಗೋಗರೆದಳು.

“ಕೊಡಲ್ಲ,” ಅಂದಳು ಚಿಕ್ಕಜ್ಜಿ, ತುಸುವೂ ಯೋಚಿಸದೆ. “ನೀನು ಊರೂರಿಗೆ ಹಾಡ್ತೀಯ. ಯಾವನೋ ಆಟೋದಾಗೆ ಹಾಕ್ಕೊಂಡು ಹೋದ್ರೆ ನನ್ನ ಕುರಿ ಅವನ ಹಿಂದೆ ರೋಡಿಗೆ ಹೋಗ್ತಾವೆ. ಆಮೇಲೆ ನೀನ್ ಬಂದು ಅಟ್ಕೊಂಡು ಬರ್ತೀಯಾ?”

ನನಗೆ ನಗು ಬಂತು. ಹುಡುಗಿ ನಗಲಿಲ್ಲ. ಅಜ್ಜಿಯ ಕೂಗಿಗೆ ಬರುವ ಕುರಿ ಈಗ ಎಲ್ಲಾದರೂ ಇದೆಯೇ ಎಂದು ಕೇಳಿದಳು. ತವರಿನಲ್ಲಿ ಹಿಂಡನ್ನು ಎಂದೋ ಮಾರಿಬಿಟ್ಟರು, ಇಲ್ಲಿ ಅದನ್ನು ಕಲಿತ ಕುರಿಯೇ ಇಲ್ಲ ಎಂದಳು ಚಿಕ್ಕಜ್ಜಿ. ಹುಡುಗಿ ಫೋನ್ ತೆಗೆದು ಏನೋ ಬರೆದಳು, ಅಳಿಸಿದಳು, ತುಟಿ ಅಲುಗಿಸುತ್ತಾ ಮತ್ತೆ ಬರೆದಳು. ಆಮೇಲೆ ತೊಡೆ ತಟ್ಟಿಕೊಂಡು ಚಿಕ್ಕಜ್ಜಿಯ ಮುಂದೆಯೇ ಹಾಡಿದಳು:

ಮುತ್ತಜ್ಜಿ ಕೂಗಿದ್ಲು, ಕುರಿ ಒಂದೂ ಬರಲಿಲ್ಲ,
ತವರಿನ ಕೂಗದು, ಈ ಹಿಂಡಿಗೆ ತಿಳೀಲಿಲ್ಲ.

“ಉಸಿರು ಬಿಡದಂಗೆ ಹಾಡ್ತೀಯಲ್ಲೇ,” ಅಂದಳು ಚಿಕ್ಕಜ್ಜಿ. “ಆದ್ರೆ ಈಗ ಸರಿ ಐತೆ.”

ಎರಡು ದಿನದಲ್ಲಿ ಹೊಸ ಸಾಲು ಸೇರಿಸಿದರು, ಹೇಳಿದ ದಿನಕ್ಕೇ ಆಲ್ಬಂ ಬಂತು. ಕೂಗು ಮುಗಿದ ಮೇಲೆ ಅವಳು ಬೀಟನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದಾಳೆ. ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ, ಆ ಕೂಗಿಗೆ ಯಾರೂ ಬರುವುದಿಲ್ಲ. ಹಾಡು ನಿಂತೇ ಹೋಯಿತೆಂದು ಜನ ಫೋನ್ ತೆಗೆದು ನೋಡಿಕೊಳ್ಳುತ್ತಾರಂತೆ. ಅಷ್ಟನ್ನು ತುಂಬಿಸು ಎಂದು ಹೊಳಲ್ಕೆರೆಯ ಗೆಳತಿ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ.