ಜೀನಿನ ಮೇಲೆ ಅರಿಶಿನ

ನಾನು ಹುಟ್ಟಾ ಪುಕ್ಕಲಿ. ಮೈಸೂರು ಬಿಟ್ಟು ಈ ದ್ವೀಪದೇಶಕ್ಕೆ ಬಂದಮೇಲೂ ಹಾಗೇ. ಹೌಗಾಂಗ್‌ನ ನಮ್ಮ ಬ್ಲಾಕಿನ ಲಿಫ್ಟ್ ಒಂದು ಕ್ಷಣ ತಡೆದು ನಿಂತರೂ ದೇವರ ಹೆಸರು ಹೇಳಿಕೊಳ್ಳುವವಳು. ಅಂಥವಳು ೨೦೧೫ರ ಸುಮಾರಿಗೆ, ಶನಿವಾರ ಶನಿವಾರ ಪಾಯಾ ಲೆಬಾರ್ ಹತ್ತಿರದ ಹಳೆಯ ಕೈಗಾರಿಕಾ ಕಟ್ಟಡವೊಂದಕ್ಕೆ ಹೋಗಿ, ಒಮ್ಮೆ ಗೀರಿದರೆ ಅಳಿಸಲಾಗದಂಥ ಕೆಲಸವನ್ನು ಯಾಕೆ ಕಲಿಯತೊಡಗಿದೆನೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒನ್-ನಾರ್ತ್‌ನ ಆಫೀಸಿನಲ್ಲಿ ವಾರವಿಡೀ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಾಕಾಗಿತ್ತೇನೋ.

ಅಲ್ಲಿ ಐದನೆಯ ಮಹಡಿಯಲ್ಲಿ ಎಪ್ಪತ್ತು ದಾಟಿದ ಚೀನೀ ಅಂಕಲ್ ಒಬ್ಬರೇ ಕೂತು ಕುದುರೆಯ ಜೀನು ಮಾಡುತ್ತಿದ್ದರು. ರೇಸಿನ ಕುದುರೆಯ ಪುಟ್ಟ ಜೀನಲ್ಲ. ಅಮೆರಿಕದ ದನಗಾಹಿಗಳು ಕೂರುವಂಥ, ಮುಂದೆ ಕೊಂಬಿರುವ, ಮೈತುಂಬ ಹೂಬಳ್ಳಿ ಕೆತ್ತಿದ ದೊಡ್ಡ ಜೀನು. ಹರೆಯದಲ್ಲಿ ಹಡಗಿನ ಕೆಲಸಕ್ಕಿದ್ದವರು ಆ ದೇಶದಲ್ಲಿ ಇಳಿದು, ಎರಡು ವರ್ಷ ಒಬ್ಬ ಜೀನುಗಾರನ ಬಳಿ ಇದ್ದು ಕಲಿತು ಬಂದಿದ್ದರಂತೆ. ಅವರು ನನ್ನೊಡನೆ ಆಡುತ್ತಿದ್ದುದು ಇಂಗ್ಲಿಷ್. ಅದು ನನ್ನ ನೆನಪಿನಲ್ಲಿ ಉಳಿದಿರುವುದು ಮಾತ್ರ ಕನ್ನಡದಲ್ಲಿ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ಆ 'ಲಾ' ಒಂದನ್ನು ಬಿಟ್ಟು.

ಮೊದಲು ಚರ್ಮವನ್ನು ಸ್ಪಂಜಿನಿಂದ ಒದ್ದೆ ಮಾಡಿ ಕಾಯಬೇಕು. ಬಣ್ಣ ಮತ್ತೆ ತಿಳಿಯಾಗುತ್ತ ಬಂದು, ಕೆನ್ನೆಗೆ ಒತ್ತಿಕೊಂಡರೆ ಇನ್ನೂ ತಣ್ಣಗಿದೆ ಅನ್ನಿಸುವಾಗ ಕತ್ತಿ ಇಡಬೇಕು. ತೋರುಬೆರಳನ್ನು ತನ್ನ ನೆತ್ತಿಯ ಮೇಲೆ ಕೂರಿಸಿಕೊಂಡು, ಉಳಿದ ಬೆರಳುಗಳ ನಡುವೆ ತಿರುಗುವ ಗಿಡ್ಡ ಕತ್ತಿ ಅದು. ಚರ್ಮದ ಅರ್ಧ ದಪ್ಪದಷ್ಟೇ ಗೀರಬೇಕು. ಗೀರಿನ ಒಂದು ಬದಿಯನ್ನು ಉಳಿಯಿಟ್ಟು ತಟ್ಟಿ ತಗ್ಗಿಸಿದರೆ ಹೂವು ಮೇಲೇಳುತ್ತದೆ. ಎಲ್ಲ ಮುಗಿದ ಮೇಲೆ ಕಡೆಯ ಗೀರುಗಳು, ದಳದ ಒಳಗೆ, ಎಲೆಯ ಬೆನ್ನಿಗೆ, ನಕ್ಷೆಯಿಲ್ಲದೆ, ಒಂದೇ ಉಸಿರಿಗೆ ಎಳೆಯುವಂಥವು. ಆ ಗೀರು ನೋಡಿದರೆ ಯಾರ ಕೈ ಅಂತ ಹೇಳಬಹುದು ಎನ್ನುತ್ತಿದ್ದರು ಅಂಕಲ್.

ನನಗೆ ಸಿಕ್ಕಿದ್ದು ಹೂಗಳ ಹಿನ್ನೆಲೆಯಲ್ಲಿ ಚುಕ್ಕಿ ತಟ್ಟುವ ಕೆಲಸ. ಚಪ್ಪಲಿಯನ್ನು ಹೊಸಿಲಾಚೆ ಬಿಡುವ ಮನೆಯವಳು ನಾನು. ಹಸುವಿನ ಚರ್ಮವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತೇನೆಂದು ಮೈಸೂರಿನ ಅಮ್ಮನಿಗೆ ಹೇಳುವ ಧೈರ್ಯ ಬರದೆ "ಏನೋ ಕ್ರಾಫ್ಟ್ ಕ್ಲಾಸ್ ಅಮ್ಮ" ಅಂದಿದ್ದೆ.

ಆಗ ಮೇಜಿನ ಮೇಲಿದ್ದ ಜೀನೇ ತಮ್ಮ ಕೊನೆಯದು ಎಂದು ಅಂಕಲ್ ಹೇಳಿಬಿಟ್ಟಿದ್ದರು. ಸವಾರನ ಕಾಲಿಗೂ ಕುದುರೆಯ ಮೈಗೂ ನಡುವೆ ಇಳಿಬೀಳುವ ಎರಡು ಅಗಲ ಪಟ್ಟಿಗಳಲ್ಲಿ ಎಡಗಡೆಯದು ಪೂರ್ತಿಯಾಗಿತ್ತು. ಅದನ್ನು ಕೆತ್ತಲು ಅವರಿಗೆ ಇಡೀ ವರ್ಷ ಹಿಡಿದಿತ್ತು. ಬಲಗಡೆಯದಕ್ಕೆ ಕಡೆಯ ಗೀರುಗಳು ಮಾತ್ರ ಬಾಕಿ.

ಆಯುಧಪೂಜೆ ಆ ವರ್ಷ ಕೆಲಸದ ದಿನ ಬಂದು ಹೋಗಿತ್ತು. ಮುಂದಿನ ಶನಿವಾರ ಅಂಕಲ್ ಕಾಫಿ ತರಲು ಕೆಳಗಿನ ಹಾಕರ್ ಸೆಂಟರಿನ ತಿಂಡಿ ಅಂಗಡಿಗೆ ಇಳಿದಾಗ ನನಗೆ ಭಕ್ತಿ ಉಕ್ಕಿತು. ನಮ್ಮಪ್ಪ ಸ್ಕೂಟರು, ಕತ್ತರಿ, ಸ್ಟೇಪ್ಲರ್ ಒಂದನ್ನೂ ಬಿಡದೆ ಬೊಟ್ಟಿಡುತ್ತಿದ್ದವರು. ಅವರ ಮಗಳು ಇಷ್ಟು ಚೆಂದದ ಹತಾರಗಳನ್ನು ಬರಿಹಣೆಯಲ್ಲಿ ಬಿಡುವುದೆ? ಬ್ಯಾಗಿನಲ್ಲಿ ತಂದಿದ್ದ ಅರಿಶಿನವನ್ನು ನೀರಿನ ಬಾಟಲಿಯ ಮುಚ್ಚಳದಲ್ಲಿ ಕಲಸಿ, ಉಳಿಗಳಿಗೆಲ್ಲ ಸಾಲಾಗಿ ಹಚ್ಚುತ್ತ ಬಂದೆ. ಕೊನೆಗೆ ಕತ್ತಿ. ಅದರ ಹಿಡಿ ದುಂಡಗಿತ್ತು. ಹಚ್ಚಿ ಕೆಳಗಿಟ್ಟೆ, ಅದು ಉರುಳಿತು, ಹಿಡಿಯಲು ಹೋದ ಕೈ ಮುಚ್ಚಳಕ್ಕೆ ತಗುಲಿತು. ಎಡಗಡೆಯ ಪಟ್ಟಿಯ ನಟ್ಟನಡುವಿನ ದೊಡ್ಡ ಹೂವಿನ ಮೇಲೆ ಅರಿಶಿನದ ನೀರು.

ಎಣ್ಣೆ, ಬಣ್ಣ ಕಾಣದ ಚರ್ಮ ನೀರನ್ನು ಬಾಯಾರಿದಂತೆ ಕುಡಿದುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಂಟಾಣೆಯಷ್ಟಿದ್ದ ಕಲೆ ಅಂಗೈಯಗಲ ಆಯಿತು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದಾಗ ಪಟ್ಟಿಯ ಮೇಲೆ ಬಟ್ಟೆ ಎಳೆದು, ಸೆರಗಿಲ್ಲದ್ದಕ್ಕೆ ಉಳಿಗಳನ್ನು ಟೀಶರ್ಟಿನಲ್ಲೇ ಒರೆಸಿ, ಹೊಟ್ಟೆನೋವು ಎಂದು ಹೇಳಿ ಓಡಿದೆ.

ಆ ವಾರ ನನಗೆ ಅನ್ನ ಸೇರಲಿಲ್ಲ. ಅಂಕಲ್ ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ ಎಂಬುದಲ್ಲ. ಆ ಕೈ ಇನ್ನೊಂದು ಸಲ ಅಂಥದ್ದನ್ನು ಮಾಡಲಾರದು. ಒಬ್ಬ ಮನುಷ್ಯನ ಕೊನೆಯ ಕೆಲಸವನ್ನು ನಾನು ಹಾಳು ಮಾಡಿದ್ದೆ. ಮೊಬೈಲ್ ನಡುಗಿದರೆ ಅವರೇ ಎಂದು ಬೆಚ್ಚುತ್ತಿದ್ದೆ. ಆಫೀಸಿನಲ್ಲಿ ಮ್ಯಾನೇಜರ್ "ಯಾರದು ಈ ಮಿಸ್ಟೇಕ್?" ಎಂದು ಬೇರೆ ಯಾರನ್ನೋ ಕೇಳಿದರೆ ನಾನು ತಲೆ ಎತ್ತುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕ. "ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ್ಯಲ್ಲೇ!" ನನ್ನ ಮುಖ ನೋಡಿ ಸುಮ್ಮನಾದ. "ನೋಡು, ಹೋಗಿ ಹೇಳ್ಬಿಡು. ಇಲ್ಲಾಂದ್ರೆ ಕ್ಲಾಸ್ ಕ್ಯಾನ್ಸಲ್ ಮಾಡ್ಬಿಡು. ಹಿಂಗೆ ಟೆನ್ಷನ್ ಮಾಡ್ಕೊಂಡು ಸಾಯ್ಬೇಡ."

ಶನಿವಾರ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಅಂಕಲ್ ಆ ಎಡಗಡೆಯ ಪಟ್ಟಿಯನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಲೆ ಅವರ ಮೂಗಿನ ಮುಂದೆಯೇ ಇತ್ತು. ಅವರು ನಿಧಾನವಾಗಿ ತಲೆಯಾಡಿಸಿ, "ಚೆನ್ನಾಗಿ ಬಂದಿದೆ ಲಾ" ಎಂದು ಪಟ್ಟಿಯನ್ನು ಕೆಳಗಿಟ್ಟರು.

ಮೊದಲು ನನಗಾದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಂತೋಷವೇ. ಅದರ ಬೆನ್ನಿಗೇ ಹೊಳೆಯಿತು: ಅವರಿಗೆ ಕಲೆ ಕಂಡಿರಲೇ ಇಲ್ಲ. ಮೂರು ತಿಂಗಳಿಂದ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನು. ಅಳತೆಪಟ್ಟಿ ಓದಿ ಹೇಳುತ್ತಿದ್ದವಳು ನಾನು. ಬಲಗಡೆಯದರ ಗೀರು ಯಾವಾಗ ಎಂದು ಕೇಳಿದರೆ ಪ್ರತಿ ಸಲವೂ "ಚರ್ಮ ಇನ್ನೂ ರೆಡಿ ಆಗಿಲ್ಲ" ಎನ್ನುತ್ತಿದ್ದರು. ಇದನ್ನೆಲ್ಲ ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ.

ಸುಮ್ಮನಿರಬಹುದಿತ್ತು. ಅವರಿಗೆ ತಿಳಿಯುವಂತೆಯೇ ಇರಲಿಲ್ಲ. ಆ ಯೋಚನೆಯೇ ಕಲೆಗಿಂತ ಹೆಚ್ಚು ಹೆದರಿಸಿತು.

"ಅಂಕಲ್, ಅದರ ಮೇಲೆ ಹಳದಿ ಕಲೆಯಿದೆ. ಹೋದ ವಾರ ನಾನೇ ಮಾಡಿದ್ದು. ಅರಿಶಿನ."

ಅವರು ಪಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಎಲ್ಲಿ?" ಎಂದರು.

ಅವರ ಬೆರಳನ್ನು ಹಿಡಿದು ಹೂವಿನ ಮೇಲಿಟ್ಟೆ.

"ಇಷ್ಟೇನಾ? ಕಡು ಕಂದು ಬಣ್ಣ ಹಾಕೋಣ. ಮುಚ್ಚಿಹೋಗತ್ತೆ." ವಾರವಿಡೀ ನಾನು ಸತ್ತ ವಿಷಯ ಇಷ್ಟರಲ್ಲಿ ಮುಗಿದುಹೋಯಿತು. ಅಂಕಲ್ ಮಾತ್ರ ಬೆರಳು ತೆಗೆಯಲಿಲ್ಲ. "ನೇರ ನೋಡಿದ್ರೆ ನಡುವೆ ಏನೂ ಇರಲ್ಲ ಲಾ. ಅಂಚಲ್ಲಿ ಮಾತ್ರ ಕಾಣತ್ತೆ. ದೃಷ್ಟಿ ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟರು. ನೀನು ಯಾರಿಗೂ ಹೇಳ್ಬೇಡ."

ಅವರ ಧ್ವನಿಯಲ್ಲಿದ್ದದ್ದು ಕೋಪವಲ್ಲ. ಅವರು ನನಗೆ ಹೆದರುತ್ತಿದ್ದರು. ನಾನು ಇಷ್ಟು ದಿನ ಅವರಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ.

"ಹೇಳಲ್ಲ" ಎಂದೆ.

ಅವರು ಬಲಗಡೆಯ ಪಟ್ಟಿಯನ್ನು ಕೆತ್ತುವ ಚಪ್ಪಟೆ ಕಲ್ಲಿನ ಮೇಲೆ ಹಾಸಿ, ಸ್ಪಂಜು ಹಿಂಡಿ ಒದ್ದೆ ಮಾಡಿ, ಕೆನ್ನೆಗೊತ್ತಿ ನೋಡಿದರು. ಕಾದರು. ಮತ್ತೊಮ್ಮೆ ಒತ್ತಿ ನೋಡಿದರು. ಕತ್ತಿಯನ್ನು ನನ್ನ ಕೈಗಿಟ್ಟರು. ನಾನು ಚೂರುಪಾರು ಚರ್ಮದ ಮೇಲಷ್ಟೇ ಗೀರಿ ಅಭ್ಯಾಸವಿದ್ದವಳು. ಬೇಡ ಅಂಕಲ್, ನನ್ನ ಕೈಲಾಗಲ್ಲ, ಹಾಳಾಗತ್ತೆ ಎಂದೆ. ಅವರು ಕೇಳಿಸದವರಂತೆ ಪಟ್ಟಿಯನ್ನು ಒತ್ತಿ ಹಿಡಿದುಕೊಂಡರು. ಒಂದು ದಳದ ತುದಿಗೆ ಕತ್ತಿ ಊರಿ, ತಿರುಗಿಸುತ್ತ, ನನ್ನತ್ತ ಎಳೆದುಕೊಂಡೆ.

"ಹೇಗಿದೆ?" ಎಂದರು. ನನ್ನನ್ನು ಕೇಳಿದರು.

ನೋಡಿದೆ. "ಶುರುವಿನಲ್ಲಿ ಆಳ ಜಾಸ್ತಿ ಆಯ್ತು, ಅಂಕಲ್. ತುದಿಯಲ್ಲಿ ಸೊಟ್ಟ."

ಅವರು ತಲೆಯಾಡಿಸಿದರು. ಆಮೇಲೆ ತಮ್ಮ ಸ್ಟೂಲಿನಿಂದ ಎದ್ದು, ಒಂದು ಕೈಯಲ್ಲಿ ಗೋಡೆ ಸವರಿಕೊಂಡು ಪಕ್ಕಕ್ಕೆ ಸರಿದರು.

"ಇಲ್ಲಿ ಕೂತ್ಕೋ. ಬೆಳಕು ಚೆನ್ನಾಗಿದೆ."